ಇನ್ನೊಂದು ಇಂಚು

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಸಪ್ಲೈಯರ್ ಪೊಲೀಸ್ ಭರ್ತಿಗೆ, ಅಲ್ಲಿನ ಓಟ, ಎದೆಯಳತೆಯ ಪರೀಕ್ಷೆಗೆ ತಯಾರಾಗುತ್ತಿದ್ದ. ಬೆಳಿಗ್ಗೆ ಹೊರಡುವ ಲೋಕಲ್ ರೈಲಿನ ಜೊತೆ ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡುತ್ತಿದ್ದ. ಆಮೇಲೆ ನನಗೆ ಕಾಫಿ ಇಟ್ಟು, ದರ್ಜಿಯ ಟೇಪು ಕೊಟ್ಟು ಎದೆ ಉಬ್ಬಿಸುತ್ತಿದ್ದ. “ಇನ್ನೊಂದು ಇಂಚು ಬರ್ಬೇಕು ಮಾರಾಯ್ರೆ.”

ಭರ್ತಿಗೆ ಎರಡು ದಿನವಿರುವಾಗ, ಕಾಲೇಜಿಗೆ ತಡವಾಯಿತೆಂದು ನಾನು ಚಲಿಸುವ ಗಾಡಿಗೆ ಹಾರಿದೆ. ಕಾಲು ಜಾರಿ ಬಾಗಿಲಿನ ಕಂಬಿಗೆ ನೇತಾಡಿದೆ. ಕೆಳಗಿನ ಚಕ್ರದ ಸದ್ದು ಈಗಲೂ ಕೇಳಿಸುತ್ತದೆ. ಪಕ್ಕದಲ್ಲೇ ಓಡುತ್ತಿದ್ದ ಸಪ್ಲೈಯರ್ ನನ್ನ ಸೊಂಟ ತಬ್ಬಿ ಎಳೆದು, ಪ್ಲಾಟ್‌ಫಾರ್ಮಿನ ಮೇಲೆ ತಾನು ನನ್ನ ಅಡಿಯಾಗಿ ಬಿದ್ದ. ಅವನ ಪಕ್ಕೆಲುಬು ಮುರಿಯಿತು.

ಭರ್ತಿಯಲ್ಲಿ ಎದೆ ಉಬ್ಬಿಸಲಾಗದೆ ವಾಪಸಾದ. ಮರುದಿನ ಎಂದಿನಂತೆ ಕಾಫಿ ಇಟ್ಟು, ಟೇಪು ಚಾಚಿದ.

“ಬ್ಯಾಂಡೇಜು ಸೇರಿಸಿ ಅಳೀರಿ ಮಾರಾಯ್ರೆ. ಈಗ ಬಂದಿರ್ಬಹುದು.”

ಬ್ಯಾಂಡೇಜಿನ ಮೇಲೆ ಟೇಪು ಸುತ್ತಿ ಅಳೆದೆ. ಬಂದಿತ್ತು.