ದೊಡ್ಡಮ್ಮ ಹೊಲಿದ ರವಿಕೆ

ಬೆಳಿಗ್ಗೆ ಪಕ್ಕದ ಮನೆಯ ನಂಜುಂಡಯ್ಯ ಕಾಂಪೌಂಡಿನ ಮೇಲೆ ಬಗ್ಗಿ, ಕಳ್ಳಮಾಲು ಮಾರುವವರ ದನಿಯಲ್ಲಿ ಹೇಳಿದರು: "ಮೂಲೆಮನೆ ಮೇಷ್ಟ್ರ ಹೆಂಡ್ತಿಗೆ ಅದಂತೆ ಸಾರ್."

ಯಾವುದು ಅಂದೆ. "ಅದೇ... ಆ ಕಾಯ್ಲೆ." ಹೆಸರೆತ್ತಿದರೆ ಕ್ಯಾನ್ಸರ್ ಎದ್ದು ಬಂದು ಇವರ ಗೇಟು ತಟ್ಟುತ್ತದೆಂಬ ಭಯ. ನೋಡಿಕೊಂಡು ಬಂದಿರಾ ಎಂದರೆ, "ಹೋಗಿ ಏನ್ ಮಾತಾಡೋದು, ಪಾಪ" ಅಂದರು. ಈ 'ಪಾಪ' ಎಂಬುದನ್ನು ನೀವೂ ಕೇಳಿರುತ್ತೀರಿ. ನಮ್ಮ ಚಾಮರಾಜನಗರದಲ್ಲಿ ಇದಕ್ಕಿಂತ ಅಗ್ಗದ ಔಷಧಿ ಇನ್ನೊಂದಿಲ್ಲ. ಗುಣ ಮಾತ್ರ ಕೊಟ್ಟವರಿಗೇ ಕಾಣುತ್ತದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮವ್ವನಿಗೂ ಜನ ಇದನ್ನು ಧಾರಾಳವಾಗಿ ಕುಡಿಸಿದ್ದರು. ಮೈಸೂರಿನಲ್ಲಿ ಆಪರೇಷನ್ ಮಾಡಿ ಒಂದು ಮೊಲೆ ತೆಗೆದಿದ್ದರು. ನೋಡಲು ಬಂದ ಹೆಂಗಸರ ಕಣ್ಣು ಅವ್ವನ ಮುಖಕ್ಕಿಂತ ಮೊದಲು ಸೆರಗಿನ ಮೇಲೆ ಇಳಿಯುತ್ತಿತ್ತು. ಇದೇ ಕಾಯಿಲೆಯಲ್ಲಿ ತಮ್ಮ ನೆಂಟರು ಹೇಗೆ ನರಳಿ ಸತ್ತರೆಂದು ವಿವರವಾಗಿ ಒಪ್ಪಿಸಿ, ಧೈರ್ಯವಾಗಿರು ಎಂದು ಏಳುತ್ತಿದ್ದರು. ಕಾಫಿ ಮಾತ್ರ ಯಾರಿಗೂ ಬೇಡ; ಎಲ್ಲರೂ ಈಗತಾನೇ ಕುಡಿದು ಬಂದವರೇ! ಅವ್ವ ಮದುವೆಗಳಿಗೆ ಹೋಗುವುದು ಬಿಟ್ಟಳು, ಬೀದಿ ಬಿಟ್ಟಳು, ಕೊನೆಗೆ ಬಾಗಿಲಿಗೆ ಬರುವುದನ್ನೂ ಬಿಟ್ಟಳು. ಕಾಯಿಲೆ ಮರುಕಳಿಸಿ ತೀರಿಕೊಂಡಳು.

ತಿಥಿಯ ದಿನ ಅವ್ವನ ಅಕ್ಕ, ಚಿಕ್ಕತಾಯಿ ಎಂಬ ಹೆಸರಿನ ಗುಂಡ್ಲುಪೇಟೆಯ ದೊಡ್ಡಮ್ಮ, ಉಣ್ಣುತ್ತಿದ್ದ ಪಂಕ್ತಿಯ ಮುಂದೆ ಬಂದು ನಿಂತಳು. "ಕಾಯ್ಲೆ ಕೊಂದಿದ್ದು ಈಗ. ನೀವು ಕೊಂದು ಬೋ ದಿನ ಆಯ್ತು. ಉಣ್ಣಿ ಉಣ್ಣಿ, ಪಾಯಸ ಚೆನ್ನಾಗದೆ" ಅಂದಳು. ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ. ಪಾಯಸ ನಿಜಕ್ಕೂ ಚೆನ್ನಾಗಿತ್ತು.

ದೊಡ್ಡಮ್ಮ ರವಿಕೆ ಹೊಲಿದು ಬದುಕಿದವಳು. ಅವ್ವ ಹೋದ ಮೇಲೆ ಒಂದು ದಿನ ನಾನು ಹೋದಾಗ, ರವಿಕೆಯೊಂದರ ಒಳಗೆ ಒಂದೇ ಬದಿಗೆ ಹತ್ತಿಯ ಪುಟ್ಟ ದಿಂಬು ಕೂರಿಸುತ್ತಿದ್ದಳು. ಹಗುರಾಗಿ ಮೇಲೇರದಿರಲೆಂದು ಅದರೊಳಗೆ ಒಂದಿಷ್ಟು ನವಣೆ. "ತಂಗಿಗೆ ಒಲ್ಕೊಡೋ ಬುದ್ದಿ ಆಗ ಬರ್ನಿಲ್ಲ ಕಣ್ಲಾ" ಎಂದು ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಅವಳು ಅತ್ತದ್ದು ಕಾಣೆ, ಬೈದದ್ದೇ. ಯಾವ ಊರಲ್ಲಿ ಯಾರಿಗೆ ಆಪರೇಷನ್ ಆಗಿದೆಯೆಂದು ವಿಚಾರಿಸಿ ಹೊರಟುಬಿಡುವಳು. ನನ್ನ ಹಳೇ ಸ್ಕೂಟರಿಗೂ ನನಗೂ ಭಾನುವಾರವೆಂಬುದೇ ಇಲ್ಲವಾಯಿತು. ಅದು ಸ್ಟಾರ್ಟ್ ಆಗುವವರೆಗೆ ಇಬ್ಬರನ್ನೂ ಸೇರಿಸಿ ಬೈಯುವಳು.

ಭೀಮನಬೀಡಿನಲ್ಲಿ ಜಯಮ್ಮ ಎಂಬವಳನ್ನು ಅವಳ ಅತ್ತೆ ಕೊಟ್ಟಿಗೆಯ ಪಕ್ಕ ಮಲಗಿಸಿದ್ದಳು. ತಟ್ಟೆ, ಲೋಟ ಬೇರೆ.

"ಅಂಟ್ಕತದೆ ಕಣವ್ವ, ಮನೇಲಿ ಮಕ್ಳವೆ" ಎಂದಳು ಮುದುಕಿ.

"ಅಂಟೋದಾಗಿದ್ರೆ ನಿನ್ ನಾಲ್ಗೆ ಊರ್ಗೆಲ್ಲ ಅಂಟ್ಕಬೇಕಿತ್ತು." ದೊಡ್ಡಮ್ಮ ಜಯಮ್ಮನ ತಟ್ಟೆಯನ್ನೇ ಎಳೆದುಕೊಂಡು, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. "ಉಪ್ಪಿಲ್ಲ. ಕಾಯ್ಲೆಯೋಳ್ಗೆ ಉಪ್ಪೂ ದಂಡವಾ?"

ಮುಂದಿನ ವಾರ ಹೊಸ ರವಿಕೆ ತೊಟ್ಟ ಜಯಮ್ಮ ಎರಡೂ ಕೈ ಇಳಿಬಿಟ್ಟು ಸುಮ್ಮನೆ ನಿಂತಳು. ಅಷ್ಟು ಕಾಲ ಎದೆಗೆ ಅಡ್ಡ ಹಿಡಿದೇ ಇದ್ದ ಕೈಗಳು. ಮೈಸೂರಿನ ಆಸ್ಪತ್ರೆಗೆ ದೊಡ್ಡಮ್ಮನೇ ಅವಳನ್ನು ಕರೆದೊಯ್ಯುತ್ತಿದ್ದಳು, ಕಂಡಕ್ಟರನ ಜೊತೆ ಮುಂದಿನ ಸೀಟಿಗೆ ಜಗಳವಾಡಿ. ಜಯಮ್ಮ ಮಗಳ ಮದುವೆಯಲ್ಲಿ ಎಲ್ಲರೆದುರು ನಿಂತು ಧಾರೆಯೆರೆದಳು. ಆಮೇಲೂ ಕೆಲವು ವರ್ಷ ಬದುಕಿದ್ದಳು.

ಒಂದು ಮಧ್ಯಾಹ್ನ ಅದೇ ಅತ್ತೆ ದೊಡ್ಡಮ್ಮನ ಬಾಗಿಲಲ್ಲಿ! ಕೂದಲುದುರಿದ ಹೆಣ್ಣುಮಗಳೊಬ್ಬಳ ಕೈ ಹಿಡಿದುಕೊಂಡಿದ್ದಳು. "ಇವ್ಳ್ಗೂ ಒಂದು ಒಲ್ಕೊಡವ್ವ. ಇವ್ರ ಮನೇರು ಕಳಿಸ್ನಿಲ್ಲ, ನಾನೇ ಬೈದ್ಬುಟ್ಟು ಕರ್ಕಂಡ್ ಬಂದೆ."

ದೊಡ್ಡಮ್ಮ ಅಳತೆ ಟೇಪು ತೆಗೆಯುವ ಮೊದಲು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಮುದ್ದೆ ಇಟ್ಟಳು.

ದೊಡ್ಡಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ಅವಳ ನಾಲಿಗೆ ನನಗೆ ಬಂತು, ಕೈ ಬರಲಿಲ್ಲ. ಇವತ್ತು ನಂಜುಂಡಯ್ಯನವರನ್ನು "ನಡೀರಿ, ಮಾತಾಡ್ಬೇಡಿ, ಕೂತು ಬರೋಣ" ಎಂದು ಮೇಷ್ಟ್ರ ಮನೆಗೆ ಎಳೆದೊಯ್ದೆ. ಹಿಂತಿರುಗುವಾಗ ಅವರಿಗೆ ಹೇಳಲೆಂದು ದಾರಿಯುದ್ದಕ್ಕೂ ಚುಚ್ಚುಮಾತು ಮಸೆದುಕೊಂಡೆ. ಸೋಮವಾರ ಮೈಸೂರಿನ ಆಸ್ಪತ್ರೆಗೆ ಹೋಗಬೇಕು, ಬಸ್ಸಿನಲ್ಲಿ ಇವಳಿಗೆ ಕೂರಲಾಗುವುದಿಲ್ಲ ಎಂದರು ಮೇಷ್ಟ್ರು. ನಾನು ಹೇಳಲು ಒಳ್ಳೆಯ ಮಾತೊಂದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ನಂಜುಂಡಯ್ಯ ಅಂದರು: "ಬಸ್ ಯಾಕೆ ಮೇಷ್ಟ್ರೆ? ನಮ್ ಕಾರು ಸುಮ್ನೆ ನಿಂತದೆ. ನಾನೇ ಓಡಿಸ್ತೀನಿ, ಬೆಳಿಗ್ಗೇನೇ ಹೊರಟ್ಬುಡನ."

ಹಿಂತಿರುಗುವಾಗ, ಮಸೆದಿಟ್ಟ ಮಾತು ಬಿಟ್ಟು, ಸೋಮವಾರ ಎಷ್ಟೊತ್ತಿಗೆ ಬರಲಿ ಎಂದು ಅವರನ್ನು ಕೇಳಿದೆ.