ಹಿಮ್ಮಡಿ ಊರುವವನ ಫೈನಲ್

ಆ ಫೈನಲನ್ನು ನಾನು ಆಡಿದ್ದೇನೆ. ನೋಡಿದ್ದೇನೆ ಎಂದು ಹೇಳಲು ಮಾತ್ರ ಧೈರ್ಯವಿಲ್ಲ. ಎಡಬದಿಯ ಡಿಫೆಂಡರನಿಗೆ ಕಾಣುವುದು ತನ್ನೆದುರಿನ ಒಬ್ಬ ಆಟಗಾರ, ಆಗೀಗ ಚೆಂಡು, ಉಳಿದಂತೆ ಕಣ್ಣಿಗಿಳಿಯುವ ಬೆವರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡೆ ಎನ್ನುವವನ ಮಾತನ್ನೇ ಮೊದಲು ಸಂಶಯದಿಂದ ನೋಡಬೇಕೆಂದು ಕಲಿತಿದ್ದೆ. ಆ ಪಾಠ ನನ್ನ ಮೇಲೇ ತಿರುಗೀತೆಂದು ಆಗ ಹೊಳೆದಿರಲಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ದಿನದ ಪುಟದಲ್ಲಿರುವುದು ಒಂದೇ ಶಬ್ದ: ಗೆದ್ದೆವು. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ನನ್ನ ನೆನಪೆಷ್ಟು, ನಮ್ಮೂರು ಕೋಡಿಯ ಜನ ಹೇಳಿ ಹೇಳಿ ನನ್ನ ನೆನಪಾಗಿಸಿದ್ದೆಷ್ಟು ಎಂದು ಬಿಡಿಸಿ ಹೇಳಲಾರೆ. ಗೆದ್ದದ್ದು ಮಾತ್ರ ನಿಜ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳ ಕ್ಲಬ್ಬುಗಳು ಸೇರಿ ಆಡುವ ಟೂರ್ನಿ ಅದು. ಮಳೆಗಾಲ ಕಳೆದು ಮೈದಾನ ಒಣಗಿದ ಮೇಲೆ ಶುರುವಾಗುತ್ತದೆ. ಆ ವರ್ಷ ಫೈನಲಿಗೆ ಬಂದವರು ಕೋಡಿಯ ನಾವು ಮತ್ತು ಬೈಂದೂರಿನವರು. ಪಂದ್ಯ ಎಲ್ಲಿ ಎಂಬುದಕ್ಕೆ ಜಗಳ ಹತ್ತಿತು. ನಾವು ಅಲ್ಲಿಗೆ ಹೋಗುವುದಿಲ್ಲ ಎಂದೆವು, ಅವರು ಕೋಡಿಯ ಹೊಯ್ಗೆ ಮರಳಿನಲ್ಲಿ ಕಾಲು ಹೂತುಕೊಂಡು ಆಡುವುದಿಲ್ಲ ಎಂದರು. ನಡೆಸುತ್ತಿದ್ದವರು ಬ್ರಹ್ಮಾವರದವರು. ಕೊನೆಗೆ ಅವರ ಕಡೆಯ ರೆಫರಿ, ಶಾಲೆಯೊಂದರ ಪಿ.ಟಿ. ಮೇಷ್ಟ್ರು, ತೀರ್ಮಾನ ಕೊಟ್ಟರು. ಒಂದು ಭಾನುವಾರ ಬೈಂದೂರಿನಲ್ಲಿ, ಮುಂದಿನ ಭಾನುವಾರ ಕೋಡಿಯಲ್ಲಿ. ಎರಡೂ ಪಂದ್ಯಗಳ ಗೋಲು ಕೂಡಿಸಿ ಯಾರದ್ದು ಹೆಚ್ಚೋ ಅವರಿಗೆ ಕಪ್. ಸಮವಾದರೆ ಪೆನಾಲ್ಟಿ.

ಕ್ರಿಕೆಟ್ಟು, ಕಬಡ್ಡಿಯಲ್ಲಿ ಬೆಳೆದ ನಮ್ಮವರಿಗೆ ಇದು ತಲೆಗೆ ಹೋಗಲಿಲ್ಲ.

"ಕೂಡ್ಸೂದ್ ಅಂದ್ರೆ ಎಂತ ಮೇಷ್ಟ್ರೇ? ಗೆದ್ದದ್ದ್ ಗೆದ್ದದ್ದೇ ಅಲ್ದಾ?"

"ಬೆಳಿಗ್ಗಿನ್ ಬಲೆ ಮೀನೂ ಬೈಸಾರಿ ಬಲೆ ಮೀನೂ ಒಟ್ಟಿಗೇ ಪಾಲ್ ಮಾಡ್ತ್ರಿಲ್ಯಾ? ಹಾಂಗೇ ಇದೂ" ಎಂದರು ಮೇಷ್ಟ್ರು.

ನಮ್ಮವರು ತಲೆಯಾಡಿಸಿದರು. ಅರ್ಥವಾಗಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ನಮ್ಮ ರಕ್ಷಣೆಯ ನಡುಗಂಬ ಅಣ್ಣ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಎಳೆ ವಯಸ್ಸಿನಲ್ಲಿ ಮುಂಬೈಯ ಹೋಟೆಲೊಂದಕ್ಕೆ ಹೋಗಿ, ಅಲ್ಲಿ ರಜೆಯ ದಿನ ಮೈದಾನದಲ್ಲಿ ಆಡಿ ಕಲಿತು, ಊರಿಗೆ ಮರಳುವಾಗ ಚೀಲದಲ್ಲಿ ಒಂದು ಫುಟ್‌ಬಾಲ್ ತಂದಿದ್ದ. ಕೋಡಿಯ ಫುಟ್‌ಬಾಲ್ ಶುರುವಾದದ್ದೇ ಆ ಚೆಂಡಿನಿಂದ ಎಂದು ಊರು ಹೇಳುತ್ತದೆ. ಕೇಳಿದರೆ ಅವನು ಒಪ್ಪುವುದಿಲ್ಲ. "ಚೆಂಡ್ ಮೊದ್ಲೇ ಇತ್ತ್ ಮಾರಾಯ. ಗಾಳಿ ಇರ್ಲಿಲ್ಲೆ, ಅಷ್ಟೇ." ಆ ವರ್ಷ ಅವನಿಗೆ ನಲವತ್ತು ಹತ್ತಿರವಾಗಿತ್ತು. ಮೊಣಕಾಲು ಮುಷ್ಕರ ಹೂಡಿತ್ತು. ಇದೇ ಕೊನೆಯ ಸಲ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದ. ಇಷ್ಟು ವರ್ಷ ಆಡಿಯೂ ಒಂದೂ ಕಪ್ ಮುಟ್ಟಿರಲಿಲ್ಲ.

ಅಣ್ಣನ ಇನ್ನೊಂದು ಕೆಲಸದ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಕೈರಂಪಣಿ ಬಲೆಯ ಗುಂಪು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಬಲೆ ಬಿಟ್ಟು ಬಂದು, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯುವುದು. ಕೂಗುವವನೊಬ್ಬ "ಹೋ…" ಎಂದು ಉದ್ದಕ್ಕೆ ರಾಗ ಎಳೆದರೆ ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಸರಿಯುತ್ತಾರೆ. ಆದರೆ ಹಗ್ಗದ ತುದಿಯಲ್ಲಿರುವ ಆಳು ಸರಿಯಬಾರದು. ಉಳಿದವರು ಕಾಲು ಬದಲಿಸುವಾಗ ಬಲೆ ಹಿಂದಕ್ಕೆ ಜಾರದಂತೆ ಅವನು ಹಿಮ್ಮಡಿಯನ್ನು ಹೊಯ್ಗೆಯಲ್ಲಿ ಊರಿ ನಿಲ್ಲಬೇಕು. ನಮ್ಮ ಕಡೆಯ ಹಗ್ಗದ ತುದಿ ಎಷ್ಟೋ ವರ್ಷಗಳಿಂದ ಅಣ್ಣನದು. ಕೂಗುವವನು ನಮ್ಮ ಗೋಲ್‌ಕೀಪರ್.

ಮೊದಲ ಪಂದ್ಯಕ್ಕೆ ಮೀನಿನ ಟೆಂಪೊದಲ್ಲಿ ಬೈಂದೂರಿಗೆ ಹೋದೆವು. ಎಷ್ಟು ತೊಳೆದರೂ ಹೋಗದ ವಾಸನೆ ಜೆರ್ಸಿಗೆ ಹತ್ತಿತು. ಅವರ ಮೈದಾನದ ಸುತ್ತ ಜನವೋ ಜನ, ಒಂದು ಬದಿಗೆ ಬ್ಯಾಂಡ್ ಸೆಟ್ಟು. ನಮಗೊಂದು ಉಪಾಯ ರೂಢಿಯಾಗಿತ್ತು. ಎದುರಾಳಿ ಚೆಂಡನ್ನು ಮುಂದಕ್ಕೆ ಕೊಡುವ ಹೊತ್ತಿಗೆ ಅವರ ಸ್ಟ್ರೈಕರ್ ನಮ್ಮ ಕೊನೆಯ ಡಿಫೆಂಡರನನ್ನು ದಾಟಿ ನಿಂತಿದ್ದರೆ ಅದು ಆಫ್‌ಸೈಡ್. ಹಾಗಾಗಿ ಸರಿಯಾದ ಗಳಿಗೆಯಲ್ಲಿ ನಾವು ನಾಲ್ವರೂ ಒಟ್ಟಿಗೆ ಮುಂದೆ ನುಗ್ಗಿ ಅವನನ್ನು ಹಿಂದೆ ಬಿಟ್ಟುಬಿಡುವುದು. ಕೀಪರ್ "ಈಗ" ಎನ್ನುತ್ತಿದ್ದ, ನಾವು ನುಗ್ಗುತ್ತಿದ್ದೆವು. ಆ ದಿನ ಬ್ಯಾಂಡಿನ ಗದ್ದಲದಲ್ಲಿ "ಈಗ" ನಮ್ಮ ಕಿವಿಗೆ ಬೀಳಲೇ ಇಲ್ಲ. ನಾವು ಒಂದು ಗೋಲು ಹೊಡೆದು ಮುಂದಿದ್ದೆವು, ಅದನ್ನು ಕಾಯಬೇಕಿತ್ತು. ದ್ವಿತೀಯಾರ್ಧದಲ್ಲಿ ಕೀಪರ್ ತನಗೆ ಗೊತ್ತಿದ್ದ, ಅಲೆಯ ಸದ್ದನ್ನೂ ಮೀರಿ ಕೇಳುವ ಕೂಗನ್ನೇ ತೆಗೆದ.

"ಹೋ…!"

ನಾವು ಮೂವರು ಮುಂದೆ ನುಗ್ಗಿದೆವು. ಅಣ್ಣ ನುಗ್ಗಲಿಲ್ಲ. ಅವರ ಸ್ಟ್ರೈಕರ್ ಅಣ್ಣನ ಪಕ್ಕದಿಂದಲೇ ಓಡಿ ಗೋಲು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಮತ್ತೊಮ್ಮೆ ಹಾಗೇ ಆಯಿತು. ಎರಡು–ಒಂದರಿಂದ ಸೋತೆವು. ಬರುವಾಗ ಟೆಂಪೊದಲ್ಲಿ ಅಣ್ಣ ಒಂದು ಮೂಲೆ ಹಿಡಿದ. ಮರವಂತೆ ದಾಟುವಾಗ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿದ್ದರು, ಅವನು ಹೊಳೆಯ ಕಡೆ ಮುಖ ಮಾಡಿ ಕೂತಿದ್ದ ಎಂದು ನೆನಪು. ಇದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಆ ವಾರವಿಡೀ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಅತ್ತಿಗೆಗೆ ಗಿರಾಕಿಗಳ ಉಪದ್ರ.

"ಹ್ವಾಯ್ ಅಕ್ಕಾ, ಗಂಡನ್ನ್ ಬೈಂದೂರಲ್ಲೇ ನೆಟ್ಟಿಕ್ಕಿ ಬಂದ್ರಿ ಅಂಬ್ರಲೆ?"

"ನೆಟ್ರೆ ಬೇರ್ ಬಿಡ್ತ್, ಕಾಯೂ ಬಿಡ್ತ್. ನಿಮ್ಗ್ ಬಂಗ್ಡಿ ಬೇಕಾ ಬ್ಯಾಡ್ದಾ, ಅದ್ ಹೇಳಿ."

ನಗುತ್ತಲೇ ಉತ್ತರ ಕೊಟ್ಟು ಬರುತ್ತಿದ್ದರು. ಆದರೆ ಮನೆಯಲ್ಲಿ ಅಣ್ಣ ಸರಿಯಾಗಿ ಊಟ ಮಾಡುತ್ತಿರಲಿಲ್ಲ ಎಂಬುದು ಅವರ ಚಿಂತೆ.

ಎರಡನೆಯ ಪಂದ್ಯಕ್ಕೆ ಇನ್ನು ಕೆಲವೇ ದಿನ ಎನ್ನುವಾಗ ಒಂದು ಸಂಜೆ ದೋಣಿಯ ಚಪ್ಪರದಡಿ ತಂಡದ ಸಭೆ ಸೇರಿತು. ಮೊದಲು ಮಾತೆತ್ತಿದವನು ಕೀಪರ್.

"ಅಣ್ಣಯ್ಯ, ಬೇಜಾರ್ ಮಾಡ್ಕಣ್ಬೇಡ. ಈ ಸಲ ನೀ ಹೊರ್ಗ್ ಕೂಕಂಡ್ರ್ ಹ್ಯಾಂಗೆ? ಕಾಲಿಗೂ ರೆಸ್ಟ್ ಆತ್ತ್."

"ಕಾಲಿಗೆಂತ ಆಯಿಲ್ಲೆ."

"ಮತ್ತೆಂತಕ್ ಓಡ್ಲಿಲ್ಲೆ?"

"ಗೊತ್ತಿಲ್ಲೆ" ಎಂದ ಅಣ್ಣ. "ಓಡ್ಕ್ ಅಂದೇ ಇದ್ದೆ. ಕಾಲ್ ಬರ್ಲಿಲ್ಲೆ."

ತನ್ನ ಊರಿನ ಜನದೆದುರು, ತನ್ನ ಕೊನೆಯ ಪಂದ್ಯಕ್ಕೆ, ಗೆರೆಯಾಚೆ ಕುರ್ಚಿಯ ಮೇಲೆ ಕೂರುವುದು. ಅಷ್ಟಕ್ಕೆ ಬಂದು ನಿಂತಿತ್ತು. ಅಣ್ಣನ ಮುಖ ನೋಡಲಾಗಲಿಲ್ಲ, ಕಾಲಿನ ಕಡೆ ನೋಡುತ್ತಿದ್ದೆ. ಬಹುಶಃ ಅದಕ್ಕೇ, ಮುಂದೆ ನಡೆದದ್ದು ನನಗೆ ಇಷ್ಟು ಸ್ಪಷ್ಟ.

ಮಾರ್ಕೆಟಿನಿಂದ ಮರಳುತ್ತಿದ್ದ ಅತ್ತಿಗೆ ಖಾಲಿ ಬುಟ್ಟಿ ಹಿಡಿದು ಚಪ್ಪರದ ಹೊರಗೆ ನಿಂತಿದ್ದರು. ಯಾರೋ ಕೀಪರನಿಗೆ, ಅವತ್ತು ಕೂಗಿದ ಹಾಗೆ ಒಮ್ಮೆ ಕೂಗು ಎಂದರು. ಯಾರು ಹಾಗೆ ಹೇಳಿದ್ದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಮೂರು ಪಕ್ಷ. ಅತ್ತಿಗೆ ತಾನೆನ್ನುತ್ತಾರೆ. ಅಣ್ಣ ತಾನೆನ್ನುತ್ತಾನೆ. ನಾನೇ ಎಂದು ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನ್ನ ದನಿಯೇ ನನಗೆ ಕೇಳಿಸುತ್ತದೆ. ಹಾಗಾಗಿಯೇ ನಂಬಿಕೆಯಿಲ್ಲ.

ಕೀಪರ್ ಕೂಗಿದ. "ಹೋ…!"

ಅಣ್ಣ ಕೈಯಲ್ಲಿ ಚಾದ ಲೋಟ ಹಿಡಿದು ನಿಂತಿದ್ದ. ಲೋಟ ಅಲುಗಲಿಲ್ಲ. ಬಲಗಾಲಿನ ಹಿಮ್ಮಡಿ ಮಾತ್ರ ಹೊಯ್ಗೆಯಲ್ಲಿ ಸರಕ್ಕನೆ ಇಳಿಯಿತು.

ಒಂದು ಗಳಿಗೆ ಎಲ್ಲರೂ ಆ ಕಾಲನ್ನೇ ನೋಡಿದರು. ಅಣ್ಣನೂ ನೋಡಿದ, ಅದು ಇನ್ನಾರದೋ ಕಾಲು ಎಂಬಂತೆ. ಮೊದಲು ನಕ್ಕವರು ಅತ್ತಿಗೆ. "ಅಯ್ಯೋ ದೇವ್ರೇ! ಬೈಂದೂರಲ್ಲಿ ಇವ್ರ್ ಬಲೆ ಹಿಡ್ಕಂಡ್ ನಿಂತದ್ದಾ!"

ಆಮೇಲೆ ಚಪ್ಪರವೇ ಹಾರಿಹೋಗುವಷ್ಟು ನಗು. ಅಣ್ಣನೂ ನಕ್ಕ. ಆ ವಾರದಲ್ಲಿ ಅದೇ ಮೊದಲು. ಹಾಗಾದರೆ ಅವನು ಎಲ್ಲರಿಗಿಂತ ಮೊದಲು ಮುಂದೆ ನುಗ್ಗುವ ಕೂಗು ಯಾವುದು? ಇದಕ್ಕೆ ಯಾರೂ ಯೋಚಿಸಬೇಕಾಗಲಿಲ್ಲ. ದೋಣಿಯನ್ನು ನೀರಿಗೆ ನೂಕುವಾಗ ಮೊದಲ ಹೆಗಲು ಅಣ್ಣನದೇ. ಆಗಿನ ಕೂಗು ಗಿಡ್ಡ: "ಐಸಾ!" ಕೀಪರ್ ಅದನ್ನೂ ಕೂಗಿ ನೋಡಿದ. ಚಾ ನನ್ನ ಅಂಗಿಯ ಮೇಲೆ ಬಿತ್ತು. ಅಣ್ಣ ಚಪ್ಪರದ ಹೊರಗಿದ್ದ.

ಕುರ್ಚಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನವೇ ಕೋಡಿಯ ಮೈದಾನ ತುಂಬಿತು. ದೋಣಿಗಳ ಮೇಲೆ, ಕಾಂಪೌಂಡಿನ ಮೇಲೆ, ತೆಂಗಿನ ಬುಡದಲ್ಲೆಲ್ಲ ಜನ. ಬಿಸಿಲಿಗೆ ಕೊಡೆ ಹಿಡಿದ ಹೆಂಗಸರ ಸಾಲಿನ ಮುಂದೆ ಅತ್ತಿಗೆ. ಬೈಂದೂರಿನವರು ಎರಡು ಬಸ್ಸು ಮಾಡಿಕೊಂಡು ಬಂದಿದ್ದರು, ಬ್ಯಾಂಡ್ ಸೆಟ್ಟನ್ನೂ ತಂದಿದ್ದರು.

ಅವರು ಶುರುವಿನಿಂದಲೇ ಅದೇ ಸ್ಟ್ರೈಕರನಿಗೆ, ಅಣ್ಣನ ಪಕ್ಕಕ್ಕೇ, ಉದ್ದ ಚೆಂಡು ಕೊಡತೊಡಗಿದರು. ಅಲ್ಲಿ ಬಾಗಿಲು ತೆರೆದಿದೆ ಎಂದು ಅವರಿಗೆ ಖಾತ್ರಿ.

"ಐಸಾ!"

ನಾಲ್ವರೂ ಒಂದೇ ಹೆಗಲಾಗಿ ಮುಂದೆ ಹೋದೆವು. ಲೈನ್‌ಮನ್‌ನ ಬಾವುಟ ಮೇಲೆದ್ದಿತು. ಸ್ಟ್ರೈಕರ್ ತಿರುಗಿ ನೋಡಿದ. ಮತ್ತೊಂದು ಸಲ. ಮತ್ತೆ ಬಾವುಟ. ಕೊಡೆಗಳ ಕಡೆಯಿಂದಲೂ "ಐಸಾ" ಶುರುವಾಯಿತು. ಕೀಪರ್ ಕೈಬೀಸಿ, "ಹ್ವಾಯ್, ನೀವ್ ಕೂಗ್ಬೇಡಿ, ಆಟ ಹಾಳಾತ್ತ್!" ಎಂದು ಬೇಡಿಕೊಳ್ಳಬೇಕಾಯಿತು.

ವಿರಾಮಕ್ಕೆ ಮುಂಚೆ, ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ನಮ್ಮ ಸ್ಟ್ರೈಕರ್ ಕಾರ್ನರಿನಿಂದ ಬಂದ ಚೆಂಡನ್ನು ತಲೆಯಲ್ಲಿ ಹೊಡೆದು ಗೋಲು ಮಾಡಿದ. ಅರ್ಧ ಊರು ಮೈದಾನದೊಳಗೆ ನುಗ್ಗಿತು. ಯಾರೋ ಪಟಾಕಿಗೆ ಕಿಡಿ ಹಚ್ಚಿಯೂ ಆಗಿತ್ತು. ಪಿ.ಟಿ. ಮೇಷ್ಟ್ರು ಸೀಟಿ ಊದಿ ಊದಿ ಸುಸ್ತಾದರು.

"ಗೆದ್ದದ್ದಲ್ಲ ಮಾರಾಯ್ರೇ! ಸಮ ಆದ್ದ್, ಸಮ! ಎರಡು–ಎರಡು!"

"ಒಂದ್ ಗೋಲಿಗೆ ಎರಡ್ ಹ್ಯಾಂಗಾತ್ತ್?"

"ಬೈಂದೂರಿನ್ ಬಲೆ ಮೀನ್ ಕೂಡ್ಸಿ ಅಂದೆ ಅಲ್ದಾ!"

ಜನ ಗೊಣಗುತ್ತ ಗೆರೆಯಾಚೆ ಹೋದರು.

ಇನ್ನು ಮುಖ್ಯ ಸಂಗತಿ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಬೈಂದೂರಿನವರು ಮತ್ತೆ ಅದೇ ಜಾಗಕ್ಕೆ ಚೆಂಡು ಕೊಟ್ಟರು. "ಐಸಾ!" ನಾವು ನುಗ್ಗಿದೆವು, ಆದರೆ ಅಣ್ಣ ನಮ್ಮೆಲ್ಲರಿಗಿಂತ ಎಷ್ಟು ಮುಂದಿದ್ದನೆಂದರೆ ದಾರಿಯಲ್ಲೇ ಆ ಚೆಂಡು ಅವನ ಎದೆಗೆ ಬಡಿದು ಕಾಲಿಗಿಳಿಯಿತು. ನಿಲ್ಲುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ. ಹೋಗುತ್ತಲೇ ಇದ್ದ. ಅಡ್ಡ ಬಂದ ಒಬ್ಬ ಬದಿಗೆ ಸರಿದ, ಇನ್ನೊಬ್ಬ ಬಿದ್ದ. ದೊಡ್ಡ ದೋಣಿಯೊಂದು ಇಳಿಜಾರಿನಲ್ಲಿ ವೇಗ ಹಿಡಿದ ಮೇಲೆ ಯಾರ ಕೈಯಲ್ಲೂ ಇರುವುದಿಲ್ಲವಲ್ಲ, ಹಾಗೆ.

ಅಲ್ಲಿಂದ ಮುಂದೆ ನನಗೆ ಕಂಡದ್ದು ಬೆನ್ನುಗಳು. ಅವನು ಬಲಕ್ಕೆ ಚೆಂಡು ಕೊಟ್ಟು ಸ್ಟ್ರೈಕರ್ ಹೊಡೆದದ್ದು ಎಂದು ನನ್ನ ನಂಬಿಕೆ. ಅಣ್ಣನೇ ಹೊಡೆದದ್ದು, ಸ್ಟ್ರೈಕರನ ಕಾಲಿಗೆ ತಾಗಿ ಹೋಯಿತು ಎಂದು ಕೋಡಿಯ ನಂಬಿಕೆ. ಮೊಬೈಲಿನಲ್ಲಿ ತೆಗೆದ ವಿಡಿಯೊ ಒಂದಿದೆ, ಈಗಲೂ ಆಗಾಗ ವಾಟ್ಸಾಪಿನಲ್ಲಿ ತಿರುಗುತ್ತದೆ. ಸರಿಯಾಗಿ ಆ ಗಳಿಗೆಗೆ ಒಂದು ಹೂವಿನ ಕೊಡೆ ಅಡ್ಡ ಬರುತ್ತದೆ. ಕೊಡೆ ಸರಿದಾಗ ಚೆಂಡು ಗೋಲಿನೊಳಗಿದೆ, ಅಣ್ಣನೂ ಗೋಲಿನೊಳಗಿದ್ದಾನೆ, ಬಲೆಯಲ್ಲಿ ಸಿಕ್ಕಿಕೊಂಡು. ಕೊಡೆ ಅತ್ತಿಗೆಯದು.

ಸ್ಟ್ರೈಕರನನ್ನು ಕೇಳಿದರೆ, "ಇಬ್ರದ್ದೂ ಅಂದ್ಕಣಿ" ಎನ್ನುತ್ತಾನೆ. ಅಣ್ಣನನ್ನು ಕೇಳಿದರೆ, "ನಂಗ್ ಗೊತ್ತಿಲ್ಲೆ. ದೋಣಿ ನೀರ್ ಮುಟ್ಟೂವರಿಗೆ ನಿಲ್ಲೂಕಿತ್ತಾ?"

ಕೊನೆಯಲ್ಲಿ ಅವರು ಒಮ್ಮೆ ಎಲ್ಲರೂ ಸೇರಿ ಮೇಲೆ ಬಂದರು. ಅಣ್ಣ ಕುಂಟುತ್ತ ತನ್ನ ಜಾಗಕ್ಕೆ ಮರಳಿದ್ದ. ಉದ್ದ ಚೆಂಡು, ಕೀಪರನ ಕೂಗು, ನಮ್ಮ ಹೆಜ್ಜೆ. ಅವರ ಸ್ಟ್ರೈಕರ್ ಚೆಂಡನ್ನು ಗೋಲಿಗೆ ಹಾಕಿ ಕೈಯೆತ್ತಿದ. ನಾನು ತಿರುಗಿ ಲೈನ್‌ಮನ್ ಕಡೆ ನೋಡಿದೆ. ಬಾವುಟ ಮೇಲಿತ್ತು. ಇದೊಂದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ.

ಸೀಟಿ ಬಿತ್ತು. ಕೂಡಿಸಿದರೆ ಮೂರು–ಎರಡು. ಈ ಸಲ ಯಾರೂ ಲೆಕ್ಕ ಕೇಳಲಿಲ್ಲ. ಕಪ್ ಕೊಟ್ಟದ್ದೇ ಅಣ್ಣನನ್ನು ಎತ್ತಿಕೊಂಡು ಸಮುದ್ರದ ತನಕ ಹೋದರು, "ಐಸಾ" ಎನ್ನುತ್ತ ಅಲೆಗೆ ನೂಕಿದರು. ಅವನು ಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದೇ ನೀರಿಗೆ ಬಿದ್ದ, ಕಪ್ ಮುಳುಗಲು ಬಿಡಲಿಲ್ಲ. ಬೈಂದೂರಿನ ಸ್ಟ್ರೈಕರ್ ಬಂದು ಕೈ ಕೊಟ್ಟು ಅವನನ್ನು ಎಬ್ಬಿಸಿದ. ಅವನೂ ಬಲೆಯವನೇ. "ನಿಮ್ಮ್ ಐಸಾ ಕೇಂಡ್ರೆ ನಂಗೂ ನೂಕ್ವಾ ಅಂದೇಳಿ ಆತಿತ್ತ್ ಅಣ್ಣಯ್ಯ" ಎಂದ. ಇಬ್ಬರೂ ನೀರಿನಲ್ಲೇ ನಿಂತು ನಕ್ಕರು.

ಅಣ್ಣ ಆಮೇಲೆ ಆಡಲಿಲ್ಲ. ಮಾತು ಉಳಿಸಿಕೊಂಡ. ಹಗ್ಗದ ತುದಿಯನ್ನು ಮಾತ್ರ ಬಿಡಲಿಲ್ಲ.

ಮರುದಿನವೋ ಅದರ ಮರುದಿನವೋ, ಬೆಳಿಗ್ಗೆ ಬಲೆ ಎಳೆಯುತ್ತಿದ್ದೆವು. ನಾನೂ ಕೈಜೋಡಿಸಿದ್ದೆ. ಬಲೆ ದಡಕ್ಕೆ ಬಂದು ಹತ್ತಿತ್ತು, ಬೂತಾಯಿ ಮೀನು ಒಳಗೆ ಮಿಣಮಿಣ ಹೊಳೆಯುತ್ತಿತ್ತು. "ಹೋ…" "ಹೋ…" ಎಂದು ಚೆಂದವಾಗಿ ಕೂಗುತ್ತಿದ್ದ ಕೀಪರ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನನಗೆ ತಡೆಯಲು ಸಮಯವಿರಲಿಲ್ಲ, ಮನಸ್ಸೂ ಇರಲಿಲ್ಲ.

"ಐಸಾ!"

ಅಣ್ಣ ಹಗ್ಗ ಬಿಟ್ಟು ಮುಂದೆ ನುಗ್ಗಿದ. ಹಿಂದಕ್ಕೆ ವಾಲಿ ನಿಂತಿದ್ದ ನಮ್ಮೆಲ್ಲರ ಬೆನ್ನಿಗೆ ಬಂದು ಬಡಿದ. ಸಾಲಿಗೆ ಸಾಲೇ ಹೊಯ್ಗೆಯ ಮೇಲೆ ಬೋರಲು ಬಿತ್ತು. ಎಲ್ಲರಿಗಿಂತ ಅಡಿಯಲ್ಲಿದ್ದವನು ನಾನು. ಬಾಯಿಯೊಳಗೆ ಹೊಯ್ಗೆ, ಮೇಲೆ ಇಡೀ ಡಿಫೆನ್ಸು, ಎಲ್ಲಕ್ಕಿಂತ ಮೇಲೆ ಅಣ್ಣನ ನಗು. ಏನೂ ಕಾಣುತ್ತಿರಲಿಲ್ಲ.