ಈರಿ

ಗದಗ-ಬೆಟಗೇರಿಯಲ್ಲಿ ನನ್ನ ನಾಲಿಗೆ ಹಿಡಿದು ಮಾತಾಡಿಸಿದವರು ಒಬ್ಬರೇ, ಗಂಟಲು ನೋಡುವ ನಿರ್ಮಲಾ ಡಾಕ್ಟರು. ಬಟ್ಟೆ ಸುತ್ತಿ ನಾಲಿಗೆಯನ್ನು ಹೊರಗೆಳೆದು ಹಿಡಿಯುವರು. ಕ್ಯಾಮೆರಾದ ಕೊಳವೆಯನ್ನು ಬಾಯೊಳಗಿಟ್ಟು, "ಈ ಅನ್ರಿ" ಎನ್ನುವರು.

ನಾನು ಮುಂಡರಗಿ-ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್. ಆಗ ಎಂಟು ತಿಂಗಳಿಂದ ದನಿ ಒಡೆದು, ಶಿರಹಟ್ಟಿ ಎಂದು ಕೂಗಿದರೆ ಬರೀ ಗಾಳಿ ಹೊರಡುತ್ತಿತ್ತು. ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಜ್ಯೇಷ್ಠಮಧು ಕೊಟ್ಟರು. ಕ್ಯಾನ್ಸರೇ ಇರಬೇಕೆಂದು ಹೆಂಡತಿ ಅತ್ತಳು. ದನಿಯಿಲ್ಲದ ಕಂಡಕ್ಟರನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ನನಗೆ ದಿಗಿಲು.

ಅಂಥ ದಿಗಿಲಿನಲ್ಲೂ ನಾನು "ಈ" ಎನ್ನಲಿಲ್ಲ, "ಈ...ರಿ" ಎಂದೆ. ದೊಡ್ಡವರೆದುರು ರಿ ಇಲ್ಲದೆ ಮಾತಾಡಿ ರೂಢಿಯೇ ಇಲ್ಲ. ನಾಲಿಗೆ ಒಳಗೆ ಸರಿಯಿತು, ಕೊಳವೆ ಜಾರಿತು.

"ಕಂಡಕ್ಟರ್ ಸಾಹೇಬ್ರ, ಆ ರಿ ಹೊರಗ ಚಪ್ಪಲಿ ಜೋಡಿ ಬಿಟ್ಟು ಬರ್ರಿ. ನನಗ ಬರೇ ಈ ಬೇಕು."

ಮೂರನೆಯ ಸಲಕ್ಕೆ ರಿ ನುಂಗಿಕೊಂಡೆ. ಪರದೆಯ ಮೇಲೆ ಬೆಳ್ಳಗಿನ ಎರಡು ಸ್ವರತಂತು, ಒಂದರೊಳಗೆ ಕಡಲೆಕಾಳಿನಷ್ಟು ಉಬ್ಬು.

"ಇಂಥಾದ್ದು ಬಾಳ ಅಪರೂಪ. ಕೆಟ್ಟದ್ದಲ್ಲ ಅನಸ್ತೈತಿ, ಆದ್ರ ನನ್ನ ಕಣ್ಣ ಒಂದ ನಂಬಬ್ಯಾಡ್ರಿ. ತಗದು ಪರೀಕ್ಷೆಗೆ ಕಳಸೂಣು. ದನಿ ಪೂರಾ ಬರ್ತೈತಿ ಅಂತ ಆಣಿ ಮಾಡಂಗಿಲ್ಲ."

ಹೀಗೆ ಖರೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಕುತ್ತಿಗೆ ಕೊಯ್ಯದೆ, ಬಾಯೊಳಗಿಂದಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಗಂಟು ತೆಗೆದರು. ಒಂದು ವಾರ ಮೌನ. ದವಾಖಾನೆಯಲ್ಲೇ ಹೆಂಡತಿಯ ಕಿವಿಯಲ್ಲಿ ಚಹಾ ಕೇಳಿದ್ದಕ್ಕೆ ಡಾಕ್ಟರು, "ಪಿಸುಮಾತೂ ಮಾತ ರೀ!" ಎಂದು ಗದರಿದರು.

ಆ ವಾರದಲ್ಲೇ ಅವರ ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿದಳು. "ನರದ ಹೊದಿಕಿ ಮ್ಯಾಲೆ ಬೆಳೆದ ಗಂಟು. ಕ್ಯಾನ್ಸರ್ ಅಲ್ಲ. ಅಳಬ್ಯಾಡ್ರಿ ಇನ್ನ." ಬಾಯಿ ಬಿಡುವಂತಿಲ್ಲ. ಬಸ್ಸು ಹೊರಡಿಸುವಾಗ ಬಡಿಯುವ ಹಾಗೆ ಗೋಡೆಗೆ ಎರಡು ಸಲ ಬಡಿದೆ. ಆ ಕಡೆ ಡಾಕ್ಟರು ನಕ್ಕದ್ದು ಕೇಳಿಸಿತು.

ದನಿ ತಿಂಗಳುಗಟ್ಟಲೆ ಅಭ್ಯಾಸದ ಮೇಲೆ ನಿಧಾನವಾಗಿ ಮರಳಿತು. ಇವತ್ತು ನನ್ನ ಮನೆಯ ಅನ್ನದಲ್ಲಿ ಅವರ ಋಣವಿದೆ.

ಹೋದ ತಿಂಗಳು ವಯಸ್ಸಾಯಿತೆಂದು ಅವರು ದವಾಖಾನೆ ಮುಚ್ಚಿದರು. ಕಡೆಯ ದಿನ ಭೇಟಿಗೆ ಹೋದೆ. ಯಂತ್ರಗಳೆಲ್ಲ ಪೆಟ್ಟಿಗೆ ಸೇರಿದ್ದವು. ರೂಢಿಯಂತೆ ಅದೇ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದು ನಾಲಿಗೆ ಚಾಚಿದೆ.

"ನಾಲಿಗಿ ಒಳಗ ಇಟ್ಕೊಳ್ರಿ," ಎಂದು ನಕ್ಕರು. "ಇವತ್ತ ರಿ ಸುದ್ದಾ ಅನ್ರಿ."

"ಈರಿ!" ಎಂದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.